ಬೀಚ್ ಬಾಯ್ಸ್: ಒಂದು ಮನೆತನದ ಸಂಗೀತ ಚರಿತ್ರೆ

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಇಳಿದು ಪೂರ್ವದ ಉಪನಗರಗಳಿಗೆ ಹೋಗುವವರು 105ನೆಯ ಹೆದ್ದಾರಿಯನ್ನು ಹಿಡಿಯುವುದು ವಾಡಿಕೆ. ಊರಿನಿಂದ ಬಂದ ಅತ್ತೆ ಮಾವಂದಿರನ್ನೂ ಅವರು ತಂದ ಉಪ್ಪಿನಕಾಯಿ, ಚಟ್ನಿಪುಡಿಗಳ ಗಂಟುಗಳನ್ನೂ ಕಾರಿನಲ್ಲಿ ತುಂಬಿಕೊಂಡು ನಾನು ಆ ದಾರಿಯಲ್ಲಿ ಎಷ್ಟು ಬಾರಿ ಹೋಗಿದ್ದೇನೋ ಲೆಕ್ಕವಿಲ್ಲ. ನಿಲ್ದಾಣವನ್ನು ಬಿಟ್ಟ ಕೆಲವೇ ನಿಮಿಷಗಳಲ್ಲಿ ಹಾಥೋರ್ನ್ ಎಂಬ ಊರು ಬರುತ್ತದೆ. ಬಂದದ್ದು ತಿಳಿಯುವ ಮೊದಲೇ ಹಿಂದೆ ಸರಿಯುತ್ತದೆ. ಈ ಹೆದ್ದಾರಿಗಾಗಿ ಅಲ್ಲಿ ಕೆಡವಿದ ಮನೆಗಳಲ್ಲಿ 119ನೆಯ ಬೀದಿಯ ಒಂದು ಸಾಧಾರಣ ಮನೆಯೂ ಇತ್ತು. 1980ರ ದಶಕದಲ್ಲಿ ಅದು ನೆಲಸಮವಾಯಿತು, 1993ರಲ್ಲಿ ಹೆದ್ದಾರಿ ತೆರೆಯಿತು. ಆ ಮನೆಯಲ್ಲಿ ಹುಟ್ಟಿದ ಸಂಗೀತವನ್ನು ಕಾರಿನ ರೇಡಿಯೋದಲ್ಲಿ ಕೇಳುತ್ತಲೇ ನಾನು ಆ ಮನೆಯ ನೆಲದ ಪಕ್ಕದಲ್ಲಿ ವರ್ಷಾನುಗಟ್ಟಲೆ ಓಡಾಡಿದ್ದೇನೆ. 2005ರಲ್ಲಿ ಅಲ್ಲೊಂದು ಇಟ್ಟಿಗೆಯ ಸ್ಮಾರಕವನ್ನು ನಿಲ್ಲಿಸಿದರೆಂಬ ಸುದ್ದಿ ಬಂದಾಗಲಷ್ಟೇ ನನಗೆ ಈ ಸಂಗತಿ ತಿಳಿಯಿತು.

ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕದಂಬರು, ಹೊಯ್ಸಳರು, ವಚನಕಾರರು ಕಾಣಿಸಿಕೊಳ್ಳುವುದು ರೂಢಿ. ಅವರ ನಡುವೆ ಒಂದು ಅಮೆರಿಕನ್ ಪಾಪ್ ತಂಡವನ್ನು ಕರೆತಂದು ಕೂರಿಸುತ್ತಿರುವುದಕ್ಕೆ ಸಮಜಾಯಿಷಿ ಕೊಡಬೇಕು. ನಾನು ಬಿ.ಎ. ತರಗತಿಯಲ್ಲಿ ಚರಿತ್ರೆಯನ್ನು ಓದಿದವಳು. ನಾವು ಬಂದು ನೆಲೆಸಿದ ಈ ನಾಡಿನ ಚರಿತ್ರೆಯೆಂದರೆ ಅಧ್ಯಕ್ಷರು ಮತ್ತು ಯುದ್ಧಗಳು ಮಾತ್ರವಲ್ಲ, ಇಲ್ಲಿನ ಮನೆಗಳ ಒಳಗೆ ನಡೆದದ್ದೂ ಅದರಲ್ಲಿ ಸೇರಿದೆ. ಬೀಚ್ ಬಾಯ್ಸ್ ತಂಡದ ಬಗ್ಗೆ ಬರೆಯುವವರು ಒಂದೋ ಕಡಲು, ಬಿಸಿಲು, ಕಾರುಗಳ ಕಥೆ ಹೇಳುತ್ತಾರೆ; ಇಲ್ಲವೇ ಬುದ್ಧಿ ಕದಡಿದ ಪ್ರತಿಭಾವಂತನೊಬ್ಬನ ಕಥೆ ಹೇಳುತ್ತಾರೆ. ಎರಡನ್ನೂ ಓದಿದ ಮೇಲೆ ನನಗೆ ಕಂಡದ್ದು ಮೂರನೆಯದು: ಇದು ಒಂದು ಅವಿಭಕ್ತ ಕುಟುಂಬದ ಕಥೆ. ಅವರ ಕಂಠಗಳು ಅಷ್ಟು ಚೆನ್ನಾಗಿ ಬೆರೆತದ್ದು ಒಂದೇ ಮನೆಯವರಾದ್ದರಿಂದ. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಒಂದೇ ಮನೆಯವರಾದ್ದರಿಂದಲೇ.

ಮನೆಯ ಯಜಮಾನ ಮರ್ರಿ ವಿಲ್ಸನ್. ಯಂತ್ರಗಳ ವ್ಯಾಪಾರ ನಡೆಸುತ್ತಿದ್ದವನು. ಕಾರ್ಖಾನೆಯ ಅಪಘಾತದಲ್ಲಿ ಒಂದು ಕಣ್ಣನ್ನು ಕಳೆದುಕೊಂಡವನು. ಹಾಡು ಕಟ್ಟುವ ಹಂಬಲವಿತ್ತು. ಆತನ ಒಂದು ರಚನೆಯನ್ನು ಲಾರೆನ್ಸ್ ವೆಲ್ಕ್ ಅವರ ವಾದ್ಯವೃಂದ ನುಡಿಸಿದ್ದುಂಟು; ಅದಕ್ಕಿಂತ ಹೆಚ್ಚು ದೂರ ಆ ಹಂಬಲ ಹೋಗಲಿಲ್ಲ. ಪತ್ನಿ ಆಡ್ರಿ ಪಿಯಾನೋ ನುಡಿಸುತ್ತಿದ್ದರು, ಹಾಡುತ್ತಿದ್ದರು. ಮೂವರು ಗಂಡುಮಕ್ಕಳು: 1942ರಲ್ಲಿ ಹುಟ್ಟಿದ ಬ್ರಯನ್, 1944ರ ಡೆನಿಸ್, 1946ರ ಕಾರ್ಲ್. ಗ್ಯಾರೇಜನ್ನು ಸಂಗೀತದ ಕೋಣೆಯಾಗಿ ಮಾಡಿ ಅಲ್ಲಿ ಪಿಯಾನೋ, ಆರ್ಗನ್‌ಗಳನ್ನು ಇಟ್ಟಿದ್ದರು. ತಂದೆಯ ಕೈ ಬಿರುಸು. ಮಕ್ಕಳಿಗೆ ಏಟುಗಳು ಬೀಳುತ್ತಿದ್ದವು. ಬ್ರಯನ್‌ಗೆ ಬಲಗಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಅದು ತಂದೆಯ ಏಟಿನಿಂದಲೋ ಹುಟ್ಟಿನಿಂದಲೋ ಎಂಬ ವಿಷಯದಲ್ಲಿ ಆ ಮನೆಯವರಲ್ಲೇ ಒಂದೇ ಮಾತಿರಲಿಲ್ಲ.

ಆ ಹುಡುಗ ಒಂದೇ ಕಿವಿಯಿಂದ ಕೇಳಿ ಕಲಿತದ್ದನ್ನು ನೆನೆದರೆ ಬೆರಗಾಗುತ್ತದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಎಷ್ಟೇ ಜನ ಹಾಡಿದರೂ ಎಲ್ಲರೂ ಹಿಡಿಯುವುದು ಒಂದೇ ಎಳೆಯನ್ನು. ಪಾಶ್ಚಾತ್ಯರ ಹಾರ್ಮೊನಿಯಲ್ಲಿ ಹಾಗಲ್ಲ. ನಾಲ್ವರು ನಾಲ್ಕು ಬೇರೆ ಸ್ವರಗಳನ್ನು ಒಟ್ಟಿಗೆ ಹಿಡಿದು ಐದನೆಯದೊಂದು ಬಣ್ಣವನ್ನು ಹುಟ್ಟಿಸುತ್ತಾರೆ. 'ಫೋರ್ ಫ್ರೆಶ್‌ಮೆನ್' ಎಂಬ ಗಾಯಕರ ತಟ್ಟೆಗಳನ್ನು ಬ್ರಯನ್ ಮತ್ತೆ ಮತ್ತೆ ಹಾಕಿ, ಹೆಣೆದ ಜಡೆಯನ್ನು ಬಿಡಿಸುವಂತೆ ಒಂದೊಂದೇ ಸ್ವರದ ಎಳೆಯನ್ನು ಬೇರ್ಪಡಿಸಿ ಕಲಿತ. ಬಳಿಕ ಅವನ್ನು ತಮ್ಮಂದಿರಿಗೂ ತಾಯಿಗೂ ಹಂಚಿ ಹಾಡಿಸಿದ. ಹದಿನಾರನೆಯ ಹುಟ್ಟುಹಬ್ಬಕ್ಕೆ ಬಂದ ಟೇಪ್ ರೆಕಾರ್ಡರ್ ಆತನ ಮೊದಲ ಸ್ಟುಡಿಯೋ ಆಯಿತು.

ನಾಲ್ಕನೆಯ ಕಂಠ ಮೈಕ್ ಲವ್‌ನದು. ಇಂಗ್ಲಿಷ್ ಪುಸ್ತಕಗಳು ಆತನನ್ನು 'ಕಸಿನ್' ಎಂದು ಕರೆದು ಮುಗಿಸಿಬಿಡುತ್ತವೆ. ನಮಗೆ ಅಷ್ಟು ಸಾಲದು. ಮೈಕ್ ಮರ್ರಿಯ ಸೋದರಿಯ ಮಗ. ಅಂದರೆ ಬ್ರಯನ್‌ಗೆ ಸೋದರತ್ತೆಯ ಮಗ, ಮರ್ರಿ ಅವನಿಗೆ ಸೋದರಮಾವ. ಮುಂದಿನ ವ್ಯಾಜ್ಯವನ್ನು ಅರ್ಥಮಾಡಿಕೊಳ್ಳಲು ಈ ನಂಟಿನ ಹೆಸರು ಬೇಕಾಗುತ್ತದೆ. ಐದನೆಯವನು ಬ್ರಯನ್‌ನ ಶಾಲೆಯ ಗೆಳೆಯ ಆಲ್ ಜಾರ್ಡೀನ್. ಆತನೊಬ್ಬನೇ ಹೊರಗಿನವನು.

1961ರ ಸೆಪ್ಟೆಂಬರಿನಲ್ಲಿ ಮರ್ರಿ ದಂಪತಿಗಳು ಮೆಕ್ಸಿಕೋ ಪ್ರವಾಸಕ್ಕೆ ಹೊರಟರು. ಊಟತಿಂಡಿಗೆಂದು ಬಿಟ್ಟುಹೋದ ಹಣಕ್ಕೆ ಆಲ್‌ನ ತಾಯಿ ಕೊಟ್ಟದ್ದನ್ನು ಸೇರಿಸಿ ಹುಡುಗರು ವಾದ್ಯಗಳನ್ನು ಬಾಡಿಗೆಗೆ ತಂದರೆಂಬುದು ಅವರು ಹೇಳುತ್ತ ಬಂದ ಕಥೆ. ತಂಡದಲ್ಲಿ ಅಲೆಯ ಮೇಲೆ ಹಲಗೆಯಾಟ ಆಡುತ್ತಿದ್ದವನು ಡೆನಿಸ್ ಒಬ್ಬನೇ. ಅದರ ಮೇಲೊಂದು ಹಾಡು ಕಟ್ಟಿರೆಂದು ಸೂಚಿಸಿದವನೂ ಆತನೇ. 'ಸರ್ಫಿನ್' ಎಂಬ ಆ ಹಾಡನ್ನು ಅಕ್ಟೋಬರಿನಲ್ಲಿ ಧ್ವನಿಮುದ್ರಿಸಿದರು. ಹುಡುಗರು ತಮಗೆ 'ಪೆಂಡಲ್‌ಟೋನ್ಸ್' ಎಂದು ಹೆಸರಿಟ್ಟುಕೊಂಡಿದ್ದರು. ತಟ್ಟೆ ಹೊರಬಂದಾಗ ಅದರ ಮೇಲೆ ಕಂಪೆನಿಯವರು ಅಚ್ಚುಹಾಕಿದ್ದು 'ಬೀಚ್ ಬಾಯ್ಸ್' ಎಂದು. ಕೇಳಿದವರಿಲ್ಲ, ಒಪ್ಪಿದವರಿಲ್ಲ, ಆ ಹೆಸರೇ ಉಳಿಯಿತು. ವರ್ಷದ ಕೊನೆಯ ರಾತ್ರಿ ಲಾಂಗ್ ಬೀಚ್‌ನಲ್ಲಿ ಹಾಡಿದ್ದಕ್ಕೆ ಐವರಿಗೂ ಸೇರಿ 300 ಡಾಲರ್ ಸಂಭಾವನೆ ಸಿಕ್ಕಿತು.

ಮರ್ರಿ ಕಛೇರಿಯಿಂದ ಕಛೇರಿಗೆ ಅಲೆದು 1962ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಸಂಸ್ಥೆಯ ಒಪ್ಪಂದವನ್ನು ದೊರಕಿಸಿಕೊಟ್ಟ. ಆತ ಇಲ್ಲದಿದ್ದರೆ ಈ ಹುಡುಗರು ಹಾಥೋರ್ನ್‌ನ ಹುಡುಗರಾಗಿಯೇ ಉಳಿಯುತ್ತಿದ್ದರೆಂದು ಆತನನ್ನು ದ್ವೇಷಿಸಿದವರೂ ಒಪ್ಪುತ್ತಾರೆ. ಆಲ್ ಓದು ಮುಂದುವರಿಸಲೆಂದು ತಂಡ ಬಿಟ್ಟ. ಡೇವಿಡ್ ಮಾರ್ಕ್ಸ್ ಎಂಬ ನೆರೆಮನೆಯ ಬಾಲಕ ಆತನ ಜಾಗಕ್ಕೆ ಬಂದ. 1963ರಲ್ಲಿ ಆಲ್ ಮರಳಿದ. ಹಾಡಿನ ಮೇಲೆ ಹಾಡು ಜನಪ್ರಿಯವಾಯಿತು. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬಂದಿಳಿದು ಅಮೆರಿಕದ ಯುವಜನರನ್ನು ಮರುಳು ಮಾಡಿದಾಗಲೂ ಇವರು ಸೋಲಲಿಲ್ಲ. ಅದೇ ಬೇಸಿಗೆಯಲ್ಲಿ 'ಐ ಗೆಟ್ ಅರೌಂಡ್' ಮೊದಲ ಸ್ಥಾನಕ್ಕೇರಿತು.

ಆದರೆ ಆ ಹಾಡಿನ ಧ್ವನಿಮುದ್ರಣದ ದಿನಗಳಲ್ಲೇ ಮಕ್ಕಳು ತಂದೆಯನ್ನು ವ್ಯವಸ್ಥಾಪಕನ ಹುದ್ದೆಯಿಂದ ತೆಗೆದುಹಾಕಿದ್ದರು. ಇಪ್ಪತ್ತೊಂದು ವರ್ಷದ ಮಗ ತಂದೆಗೆ 'ನಾಳೆಯಿಂದ ಬರಬೇಡಿ' ಎನ್ನುವ ಪ್ರಸಂಗ ಯಾವ ದೇಶದಲ್ಲೂ ಸುಲಭವಲ್ಲ. ಮರ್ರಿ ವಾರಗಟ್ಟಲೆ ಹಾಸಿಗೆ ಹಿಡಿದನೆನ್ನುತ್ತಾರೆ. ಮರುವರ್ಷ 'ಹೆಲ್ಪ್ ಮಿ ರೋಂಡಾ' ಧ್ವನಿಮುದ್ರಣದ ಹೊತ್ತಿಗೆ ಆತ ಕುಡಿದು ಸ್ಟುಡಿಯೋಗೆ ಬಂದ. ಟೇಪು ಓಡುತ್ತಲೇ ಇತ್ತು. ಹಾಡುವುದು ಹೇಗೆಂದು ಮಕ್ಕಳಿಗೆ ಬೋಧಿಸುವ ತಂದೆ, ತಾಳ್ಮೆ ಕಳೆದುಕೊಳ್ಳುತ್ತಿರುವ ಹಿರಿಯ ಮಗ, ಇಬ್ಬರ ನಡುವೆ ಮೆಲುದನಿಯ ತಾಯಿ, ಎಲ್ಲವೂ ಅದರಲ್ಲಿ ದಾಖಲಾಗಿದೆ. ಆ ಟೇಪನ್ನು ನಾನು ಒಮ್ಮೆ ಮಾತ್ರ ಕೇಳಿದೆ. ಪರರ ಮನೆಯ ಕಿಟಕಿಯಲ್ಲಿ ಇಣುಕಿದಂತಾಗಿ ಮತ್ತೆ ಕೇಳಲಾಗಲಿಲ್ಲ.

1964ರ ಡಿಸೆಂಬರಿನಲ್ಲಿ ಬ್ರಯನ್‌ನ ವಿವಾಹವಾಯಿತು. ಅದಾಗಿ ಮೂರು ವಾರವೂ ತುಂಬಿಲ್ಲ, 23ರಂದು ಹ್ಯೂಸ್ಟನ್‌ಗೆ ಹೊರಟ ವಿಮಾನದಲ್ಲಿ ಆತನ ಮನಸ್ಸಿನ ಕಟ್ಟೆಯೊಡೆಯಿತು, ಅತ್ತು ಕಂಗಾಲಾದ. ಇನ್ನು ಊರೂರು ಸುತ್ತಲಾರೆ, ಸ್ಟುಡಿಯೋದಲ್ಲಿ ಕುಳಿತು ಹಾಡು ಕಟ್ಟುವೆನೆಂದು ತೀರ್ಮಾನಿಸಿದ. ಗ್ಲೆನ್ ಕ್ಯಾಂಬೆಲ್ ಕೆಲಕಾಲ, ಬಳಿಕ ಬ್ರೂಸ್ ಜಾನ್ಸ್ಟನ್ ವೇದಿಕೆಯಲ್ಲಿ ಆತನ ಸ್ಥಾನವನ್ನು ತುಂಬಿದರು. ಹೀಗೆ ಕುಟುಂಬ ಎರಡು ಒಲೆಯದಾಯಿತು: ದುಡಿದು ತರುವವರು ಹೊರಗೆ, ಅಡಿಗೆ ಮಾಡುವವನು ಒಳಗೆ.

ಆ ಒಳಗಿನ ಒಲೆಯಲ್ಲಿ ಬೆಂದದ್ದೇ 1966ರ ಮೇ 16ರಂದು ಹೊರಬಂದ 'ಪೆಟ್ ಸೌಂಡ್ಸ್'. ಬೀಟಲ್ಸ್ ತಂಡದ 'ರಬರ್ ಸೋಲ್' ಕೇಳಿ, ಒಂದೂ ಜೊಳ್ಳು ಹಾಡಿಲ್ಲದ ತಟ್ಟೆಯನ್ನು ತಾನೂ ಮಾಡಬೇಕೆಂದು ಬ್ರಯನ್ ಹಟ ತೊಟ್ಟಿದ್ದ. ಉಳಿದವರು ಜನವರಿಯಲ್ಲಿ ಜಪಾನಿನಲ್ಲಿ ಹಾಡುತ್ತಿದ್ದಾಗ ಈತ ಜಾಹೀರಾತು ಬರೆಯುತ್ತಿದ್ದ ಟೋನಿ ಆಶರ್ ಜೊತೆ ಕುಳಿತು ಸಾಹಿತ್ಯ ಸಿದ್ಧಪಡಿಸಿದ. ಹಾಲಿವುಡ್‌ನ ನುರಿತ ವಾದ್ಯಗಾರರನ್ನು ಕೂಡಿಸಿದ. ಹಾಲ್ ಬ್ಲೇನ್, ಕ್ಯಾರಲ್ ಕೇ ಮೊದಲಾದ ಈ ವಾದ್ಯಗಾರರ ಹೆಸರು ಆಗಿನ ತಟ್ಟೆಗಳ ಮೇಲೆ ಬರುತ್ತಿರಲಿಲ್ಲ. ಪಿಟೀಲು, ಕೊಳಲುಗಳ ಜೊತೆಗೆ ಸೈಕಲ್ಲಿನ ಗಂಟೆಯೂ ಆತನಿಗೆ ವಾದ್ಯವೇ. ಒಂದು ಹಾಡಿನಲ್ಲಿ ಬ್ಲೇನ್ ಬಡಿದದ್ದು ಕುಡಿಯುವ ನೀರಿನ ಖಾಲಿ ಪ್ಲಾಸ್ಟಿಕ್ ಕ್ಯಾನು! ಘಟವನ್ನು ವಾದ್ಯವೆಂದು ಒಪ್ಪಿದ ನಮಗೆ ಇದು ಹೊಸದೇನಲ್ಲ. ಒಂದೇ ಕಿವಿಯವನು ಮಾಡಿದ್ದರಿಂದ ಇಡೀ ತಟ್ಟೆ ಮೋನೋದಲ್ಲೇ ಬಂದಿತು. ಸ್ಟೀರಿಯೋ ರೂಪಕ್ಕೆ 1997ರವರೆಗೆ ಕಾಯಬೇಕಾಯಿತು.

ಪ್ರವಾಸದಿಂದ ಬಂದವರು ಈ ಸಂಗೀತವನ್ನು ಕೇಳಿ ಏನೆಂದರೆಂಬುದು ಇಂದಿಗೂ ವಿವಾದ. ಕಾರು ಕಡಲು ಎಂಬ ಗೆದ್ದ ಸೂತ್ರವನ್ನು ಬಿಡಬೇಡವೆಂದು ಮೈಕ್ ಹೇಳಿದನೆಂದು ಹಲವರು ಬರೆದಿದ್ದಾರೆ. ತಾನು ಹಾಗೆ ಹೇಳಿಲ್ಲವೆಂಬುದು ಮೈಕ್‌ನ ವಾದ. ಹೇಳಿದ್ದರೂ ನನಗೆ ಅದು ಅಪರಾಧವೆನಿಸದು. ತಿಂಗಳುಗಟ್ಟಲೆ ಊರೂರು ಅಲೆದು ಹಾಡಿ ಮನೆ ನಡೆಸುತ್ತಿದ್ದವನು ಆತ. ಅಮೆರಿಕದಲ್ಲಿ ಆ ತಟ್ಟೆ ಹತ್ತನೆಯ ಸ್ಥಾನದಾಚೆ ಏರಲಿಲ್ಲ. ಕಂಪೆನಿಯವರು ಎರಡು ತಿಂಗಳೊಳಗೆ ಹಳೆಯ ಹಾಡುಗಳ ಸಂಕಲನವೊಂದನ್ನು ಮಾರುಕಟ್ಟೆಗೆ ಬಿಟ್ಟರು. ಇಂಗ್ಲೆಂಡಿನಲ್ಲಿ ಮಾತ್ರ ಅದು ಎರಡನೆಯ ಸ್ಥಾನಕ್ಕೇರಿತು. ಅದರಲ್ಲಿ ಕಾರ್ಲ್ ಹಾಡಿದ 'ಗಾಡ್ ಓನ್ಲಿ ನೋಸ್' ತನಗೆ ಅತ್ಯಂತ ಪ್ರಿಯವಾದ ಹಾಡೆಂದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಮತ್ತೆ ಮತ್ತೆ ಹೇಳಿದ್ದಾನೆ.

ಬಳಿಕ ಬಂದದ್ದು 'ಗುಡ್ ವೈಬ್ರೇಷನ್ಸ್'. ನಾಯಿಗಳು ಕೆಲವರನ್ನು ಕಂಡರೆ ಬೊಗಳುತ್ತವೆ, ಕೆಲವರನ್ನು ಕಂಡರೆ ಸುಮ್ಮನಿರುತ್ತವೆ. ಮನುಷ್ಯರಿಂದ ಹೊಮ್ಮುವ ಕಂಪನ ಅವುಗಳಿಗೆ ತಿಳಿಯುತ್ತದೆಂದು ಆಡ್ರಿ ಮಗನಿಗೆ ಚಿಕ್ಕಂದಿನಲ್ಲಿ ಹೇಳಿದ್ದರಂತೆ. ತಾಯಿಯ ಆ ಮಾತೇ ಬೀಜ. ಆ ಒಂದು ಹಾಡಿಗೆ ಬ್ರಯನ್ ನಾಲ್ಕು ಸ್ಟುಡಿಯೋಗಳಲ್ಲಿ ಸುಮಾರು ಏಳು ತಿಂಗಳು ದುಡಿದ. ತುಂಡು ತುಂಡಾಗಿ ಮುದ್ರಿಸಿ, ಟೇಪನ್ನು ಕತ್ತರಿಸಿ ಕೌದಿಯಂತೆ ಹೊಲಿದ. ಸಾಹಿತ್ಯ ಮೈಕ್‌ನದು, ಮುಖ್ಯ ಕಂಠ ಕಾರ್ಲ್‌ನದು. 1966ರ ಡಿಸೆಂಬರಿನಲ್ಲಿ ಹಾಡು ಮೊದಲ ಸ್ಥಾನವನ್ನು ಮುಟ್ಟಿತು. ತಾಯಿ, ಮಕ್ಕಳು, ಅತ್ತೆಯ ಮಗ, ಎಲ್ಲರ ಪಾಲೂ ಕೂಡಿಬಂದ ಇಂಥ ಇನ್ನೊಂದು ಕೃತಿ ಆ ಮನೆಯಿಂದ ಬರಲಿಲ್ಲ.

ಮುಂದಿನದು 'ಸ್ಮೈಲ್' ಆಗಬೇಕಿತ್ತು. ಕಡಲತೀರದ ಅನುಭವ ಬೇಕೆಂದು ಬ್ರಯನ್ ಮನೆಯ ಊಟದ ಕೋಣೆಯಲ್ಲಿ ಮರಳು ಸುರಿಸಿ ಅದರ ಮೇಲೆ ಪಿಯಾನೋ ಇಡಿಸಿದ. ನಾಯಿಗಳು ಆ ಮರಳನ್ನು ತಮಗೆ ತೋಚಿದಂತೆ ಬಳಸಿದವು. ಪ್ರತಿಭೆಯ ಲಕ್ಷಣವೆಂದು ಎಲ್ಲ ಲೇಖಕರೂ ಈ ಸಂಗತಿಯನ್ನು ಬರೆಯುತ್ತಾರೆ. ಆ ಕೋಣೆಯನ್ನು ಗುಡಿಸಿದವರು ಯಾರೆಂದು ಯಾರೂ ಬರೆಯುವುದಿಲ್ಲ. ಮಾದಕ ವಸ್ತು, ಭಯ, ಮನೆಯವರ ಸಂಶಯ, ಕಂಪೆನಿಯೊಡನೆ ವ್ಯಾಜ್ಯ, ಎಲ್ಲವೂ ಸೇರಿ 1967ರ ಮೇ ತಿಂಗಳಲ್ಲಿ 'ಸ್ಮೈಲ್' ಅರ್ಧಕ್ಕೇ ನಿಂತಿತು. ಮರುತಿಂಗಳು ಮಾಂಟೆರೆಯ ದೊಡ್ಡ ಸಂಗೀತೋತ್ಸವದಲ್ಲಿ ಹಾಡಬೇಕಾಗಿದ್ದವರು ಹಿಂದೆ ಸರಿದರು. ನಮ್ಮ ಪಂಡಿತ ರವಿಶಂಕರರು ಅಮೆರಿಕದ ಯುವಜನರ ಮನಗೆದ್ದ ಉತ್ಸವವದು. ಕಾಲ ಬದಲಾದದ್ದು ತಿಳಿಯುವಷ್ಟರಲ್ಲಿ ಬೀಚ್ ಬಾಯ್ಸ್ ಹಳಬರಾಗಿದ್ದರು.

ನಮ್ಮ ದೇಶದ ಇನ್ನೊಂದು ನೆರಳೂ ಈ ಕಥೆಯ ಮೇಲೆ ಬಿದ್ದಿದೆ. 1967ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಮಹರ್ಷಿ ಮಹೇಶ ಯೋಗಿಯವರನ್ನು ಕಂಡ ಮೈಕ್, ಮರುವರ್ಷ ಬೀಟಲ್ಸ್ ಜೊತೆಗೆ ಹೃಷಿಕೇಶದ ಆಶ್ರಮದಲ್ಲಿದ್ದ. ಬಂದವನೇ ಮಹರ್ಷಿಗಳೊಡನೆ ಜಂಟಿ ಪ್ರವಾಸ ಏರ್ಪಡಿಸಿದ: ಮೊದಲು ಹಾಡು, ಬಳಿಕ ಉಪನ್ಯಾಸ. ಹಾಡು ಕೇಳಲು ಬಂದ ಹುಡುಗಿಯರು ಉಪನ್ಯಾಸಕ್ಕೆ ಕೂರುವರೆಂದು ಯಾರು ನಂಬಿದ್ದರೋ! ಕೆಲವೇ ದಿನಗಳಲ್ಲಿ ಪ್ರವಾಸ ನಿಂತು ಭಾರಿ ನಷ್ಟವಾಯಿತು. ಧ್ಯಾನವನ್ನು ಮಾತ್ರ ಮೈಕ್ ಬಿಡಲಿಲ್ಲ.

ಈಗ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಡುಗಂಬವಾದ ಘಟನೆಗೆ ಬರುತ್ತೇನೆ. ಹಾಡಿನ ವ್ಯವಹಾರದಲ್ಲಿ ಹಾಡಿದವನಿಗೆ ಸಿಗುವುದು ಒಂದು ಪಾಲು; ಹಾಡಿನ ಒಡೆತನದಿಂದ ಬರುವುದು ಇನ್ನೊಂದು. ಹೊಲ ಉಳುವವನಿಗೂ ಹೊಲದ ಒಡೆಯನಿಗೂ ಇರುವ ವ್ಯತ್ಯಾಸವೇ ಇಲ್ಲಿಯದು. 1962ರಲ್ಲೇ ಮರ್ರಿ 'ಸೀ ಆಫ್ ಟ್ಯೂನ್ಸ್' ಎಂಬ ಪ್ರಕಾಶನ ಸಂಸ್ಥೆಯನ್ನು ಕಟ್ಟಿ ಮಗನ ಹಾಡುಗಳ ಒಡೆತನವನ್ನು ಅದರಲ್ಲಿ ಇಟ್ಟಿದ್ದ. ವ್ಯವಸ್ಥಾಪಕನ ಕೆಲಸ ಹೋದರೂ ಹೊಲ ಆತನ ಕೈಯಲ್ಲಿತ್ತು. 1969ರ ನವೆಂಬರಿನಲ್ಲಿ, ಈ ಹಾಡುಗಳ ಕಾಲ ಮುಗಿಯಿತೆಂದು ನಂಬಿ, ಮರ್ರಿ ಇಡೀ ಸಂಗ್ರಹವನ್ನು 7 ಲಕ್ಷ ಡಾಲರಿಗೆ ಮಾರಿಬಿಟ್ಟ. ಸುದ್ದಿ ಕೇಳಿದ ಬ್ರಯನ್ ಕುಸಿದುಹೋದನೆಂದು ಆತನ ಪತ್ನಿ ಹೇಳಿದ್ದಾರೆ. ನನಗೆ ಕಾಡುವುದು ಹಣದ ಮೊತ್ತವಲ್ಲ. ಸ್ವತಃ ಹಾಡು ಕಟ್ಟಬೇಕೆಂದು ಜೀವಮಾನವೆಲ್ಲ ಹಂಬಲಿಸಿದವನಿಗೆ ಮಗನ ಹಾಡುಗಳ ಬೆಲೆ ತಿಳಿಯದೇ ಹೋಯಿತಲ್ಲ! 1973ರಲ್ಲಿ ಮರ್ರಿ ತೀರಿಕೊಂಡ. ಬ್ರಯನ್ ಅಂತ್ಯಕ್ರಿಯೆಗೆ ಹೋಗಲಿಲ್ಲ.

ಮರುವರ್ಷವೇ ತಂದೆಯ ಲೆಕ್ಕ ತಪ್ಪಾಯಿತು. 1974ರಲ್ಲಿ ಕ್ಯಾಪಿಟಲ್ ಹೊರತಂದ 'ಎಂಡ್‌ಲೆಸ್ ಸಮ್ಮರ್' ಎಂಬ ಹಳೆಯ ಹಾಡುಗಳ ಸಂಕಲನ ಮೊದಲ ಸ್ಥಾನಕ್ಕೇರಿತು. ತಾವೇ ತ್ಯಜಿಸಬೇಕೆಂದಿದ್ದ ಕಡಲತೀರ ಅವರನ್ನು ಮತ್ತೆ ಶ್ರೀಮಂತರನ್ನಾಗಿಸಿತು. ಅಲ್ಲಿಂದ ಮುಂದೆ ಅವರು ಅಮೆರಿಕದ ಬೇಸಿಗೆಯ ಅಧಿಕೃತ ಗಾಯಕರಾದರು. ಬ್ರಯನ್ ಆಗ ಬಹುಪಾಲು ಹಾಸಿಗೆಯಲ್ಲಿದ್ದ. ಯೂಜಿನ್ ಲ್ಯಾಂಡಿ ಎಂಬ ಮನಶ್ಶಾಸ್ತ್ರಜ್ಞ ಚಿಕಿತ್ಸೆಗೆಂದು ಬಂದು ಹಗಲಿರುಳು ಕಾವಲಿಟ್ಟು, ವ್ಯಾಪಾರದಲ್ಲೂ ಪಾಲುದಾರನಾದ. 1992ರಲ್ಲಿ ನ್ಯಾಯಾಲಯದ ಆಜ್ಞೆಯೇ ಆತನನ್ನು ದೂರವಿರಿಸಬೇಕಾಯಿತು. 1988ರಲ್ಲಿ ಬ್ರಯನ್ ಇಲ್ಲದೆಯೇ ತಂಡದ 'ಕೊಕೊಮೊ' ಮೊದಲ ಸ್ಥಾನವನ್ನು ಪಡೆಯಿತು. ಆ ಹಾಡು ನನಗೆ ಅಷ್ಟಾಗಿ ರುಚಿಸದು.

ಡೆನಿಸ್‌ನ ವಿಷಯ ಬರೆಯದೆ ಮುಂದೆ ಹೋಗಲಾರೆ. ನಿಜವಾಗಿ ಕಡಲನ್ನು ಬಲ್ಲವನು ಆತನೊಬ್ಬನೇ. 1977ರಲ್ಲಿ ಆತ ತನ್ನ ಹೆಸರಿನಲ್ಲೇ ತಂದ 'ಪೆಸಿಫಿಕ್ ಓಷನ್ ಬ್ಲೂ' ಇಂದು ಕೇಳಿದರೂ ಎದೆ ಹಿಂಡುತ್ತದೆ. ಕುಡಿತ ಆತನನ್ನು ಹಾಳುಮಾಡಿತು. 1983ರ ಡಿಸೆಂಬರ್ 28ರಂದು ಮರೀನಾ ಡೆಲ್ ರೇ ದೋಣಿಗಟ್ಟೆಯಲ್ಲಿ, ಹಿಂದೊಮ್ಮೆ ತಾನೇ ನೀರಿಗೆಸೆದಿದ್ದ ವಸ್ತುಗಳನ್ನು ಹುಡುಕಲು ಚಳಿಯ ನೀರಿಗೆ ಧುಮುಕಿದವನು ಮೇಲೆ ಬರಲಿಲ್ಲ. ವಯಸ್ಸು 39. ಅಧ್ಯಕ್ಷ ರೇಗನ್ನರ ವಿಶೇಷ ಅನುಮತಿಯಿಂದ ದೇಹವನ್ನು ಕಡಲಿಗೇ ಒಪ್ಪಿಸಲಾಯಿತು.

ಕೊನೆಗೆ ವ್ಯಾಜ್ಯ. 1989ರಲ್ಲಿ ಬ್ರಯನ್ ತನ್ನ ಹಾಡುಗಳ ಮಾರಾಟ ಅಕ್ರಮವೆಂದು ದಾವೆ ಹೂಡಿದ. 1992ರಲ್ಲಿ ರಾಜಿಯಾಗಿ 1 ಕೋಟಿ ಡಾಲರ್ ಬಂದಿತು. ಹಾಡುಗಳ ಒಡೆತನ ಬರಲಿಲ್ಲ. ಆಗ ಮೈಕ್ ಎದ್ದುನಿಂತ. 'ಕ್ಯಾಲಿಫೋರ್ನಿಯಾ ಗರ್ಲ್ಸ್', 'ಐ ಗೆಟ್ ಅರೌಂಡ್' ಮೊದಲಾದ ಹಾಡುಗಳ ಸಾಹಿತ್ಯದಲ್ಲಿ ತನಗೆ ಪಾಲಿದ್ದರೂ ಸೋದರಮಾವ ತನ್ನ ಹೆಸರನ್ನೇ ಬರೆಸಲಿಲ್ಲವೆಂಬುದು ಆತನ ದೂರು. 1994ರಲ್ಲಿ ನ್ಯಾಯದರ್ಶಿಗಳು ಮೈಕ್‌ನ ಪರ ತೀರ್ಪಿತ್ತರು. 35 ಹಾಡುಗಳಿಗೆ ಆತನ ಹೆಸರು ಸೇರಿತು, 50 ಲಕ್ಷ ಡಾಲರಿಗೆ ಲೆಕ್ಕ ಚುಕ್ತಾ ಆಯಿತು. ಬ್ರಯನ್‌ನ ಅಭಿಮಾನಿಗಳು ಮೈಕ್‌ನನ್ನು ಖಳನೆಂದೇ ಚಿತ್ರಿಸುತ್ತಾರೆ. ನಾನು ಒಪ್ಪುವುದಿಲ್ಲ. ತಂಗಿಯ ಮಗನ ಹೆಸರನ್ನು ಕಾಗದದಲ್ಲಿ ಬಿಟ್ಟವನು ಮರ್ರಿ. ಸತ್ತವನ ಮೇಲೆ ದಾವೆ ಹೂಡಲಾಗದೆ ಬದುಕಿದ್ದವರು ಒಬ್ಬರನ್ನೊಬ್ಬರು ಕಟಕಟೆಗೆ ಎಳೆದರು. ಊರಿನಲ್ಲಿ ಇಂಥ ಪಾಲುಪಟ್ಟಿಯ ಜಗಳಗಳನ್ನು ನಾವೆಲ್ಲ ಕಂಡವರೇ.

1997ರ ಡಿಸೆಂಬರಿನಲ್ಲಿ ಆಡ್ರಿ ತೀರಿಕೊಂಡರು. ಎರಡು ತಿಂಗಳು ಕಳೆದು, 1998ರ ಫೆಬ್ರವರಿ 6ರಂದು, ಅಣ್ಣಂದಿರ ನಡುವೆ ಸದಾ ಸಂಧಿ ಮಾಡಿಸುತ್ತಿದ್ದ ಕಾರ್ಲ್ ಕ್ಯಾನ್ಸರಿಗೆ ಬಲಿಯಾದ. ಅಲ್ಲಿಗೆ ಮನೆ ಒಡೆಯಿತು. 'ಬೀಚ್ ಬಾಯ್ಸ್' ಎಂಬ ಹೆಸರಿನಲ್ಲಿ ಹಾಡುವ ಪರವಾನಗಿ ಮೈಕ್‌ಗೆ ದೊರೆಯಿತು. ಬ್ರಯನ್ ಬೇರೆ ವಾದ್ಯಗಾರರನ್ನು ಕಟ್ಟಿಕೊಂಡು 2004ರ ಫೆಬ್ರವರಿಯಲ್ಲಿ ಲಂಡನ್ನಿನ ವೇದಿಕೆಯಲ್ಲಿ, ಮೂವತ್ತೇಳು ವರ್ಷ ಅರ್ಧಕ್ಕೇ ನಿಂತಿದ್ದ 'ಸ್ಮೈಲ್' ಕೃತಿಯನ್ನು ಪೂರ್ಣವಾಗಿ ಹಾಡಿಸಿದ. ಅದರಲ್ಲಿ ಆತನ ಕುಟುಂಬದ ಮತ್ತೊಂದು ಕಂಠವಿರಲಿಲ್ಲ. ತಂಡದ ಸುವರ್ಣ ಮಹೋತ್ಸವಕ್ಕೆಂದು 2012ರಲ್ಲಿ ಉಳಿದವರೆಲ್ಲ ಕೂಡಿ ಹಾಡಿದರು, ಹೊಸ ತಟ್ಟೆಯನ್ನೂ ತಂದರು. ವರ್ಷ ಮುಗಿಯುವ ಮೊದಲೇ ಮತ್ತೆ ಬೇರೆಯಾದರು.

2024ರಲ್ಲಿ ಇವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂದಿತು. ಮರುವರ್ಷ, 2025ರ ಜೂನ್ 11ರಂದು, 83 ತುಂಬಲು ಒಂಬತ್ತು ದಿನವಿರುವಾಗ ಬ್ರಯನ್ ನಿಧನನಾದ. ಆ ವಾರ ನಾವು ಸಾಕ್ಷ್ಯಚಿತ್ರವನ್ನು ಮತ್ತೊಮ್ಮೆ ಹಾಕಿಕೊಂಡು ಕುಳಿತೆವು. ಅದರ ಕೊನೆಯಲ್ಲಿ, 1962ರಲ್ಲಿ ಮೊದಲ ತಟ್ಟೆಯ ಮುಖಚಿತ್ರ ತೆಗೆದ ಪ್ಯಾರಡೈಸ್ ಕೋವ್ ಕಡಲತೀರದಲ್ಲೇ ಮುದುಕರು ಮತ್ತೆ ಸೇರುತ್ತಾರೆ. ಬ್ರಯನ್, ಮೈಕ್, ಆಲ್, ಬ್ರೂಸ್, ಡೇವಿಡ್. ಏನೋ ಮಾತನಾಡಿಕೊಳ್ಳುತ್ತಾರೆ. ನಮ್ಮ ಯಜಮಾನರು ರಿಮೋಟ್ ತೆಗೆದುಕೊಂಡು ಧ್ವನಿ ಹೆಚ್ಚಿಸಿದರು. ಎಷ್ಟು ಹೆಚ್ಚಿಸಿದರೂ ಅವರ ಮಾತು ಕೇಳಿಸಲಿಲ್ಲ. ಚಿತ್ರ ಮಾಡಿದವರು ಅದನ್ನು ಅವರವರಿಗೇ ಬಿಟ್ಟಿದ್ದರು.